ಅಲ್ಪಾಕದ ಉಣ್ಣೆ: ಚರಿತ್ರೆಯ ಬೆಳಕಿನಲ್ಲೊಂದು ಅಹಿಂಸಾ ವಿಚಾರ

ಚಳಿಗಾಲದ ಒಂದು ಬೆಳಗ್ಗೆ ಬಸದಿಯ ಜಗಲಿಯಲ್ಲಿ ನಡೆದ ಮಾತುಕತೆಯೊಂದು ಈ ಲೇಖನಕ್ಕೆ ಕಾರಣವಾಯಿತು. ನಮ್ಮ ಹಿರಿಯರೊಬ್ಬರಿಗೆ ಪರದೇಶದಲ್ಲಿರುವ ಮಗಳು ಒಂದು ಸ್ವೆಟರನ್ನು ಕಳುಹಿಸಿದ್ದಳು. ಕಂದು ಬಣ್ಣದ ಆ ಉಡುಪು ಬಹಳ ಹಗುರವಾಗಿತ್ತು, ಮೃದುವಾಗಿತ್ತು. ಕೊರಳ ಬಳಿಯ ಚೀಟಿಯಲ್ಲಿ ‘ಬೇಬಿ ಅಲ್ಪಾಕ, ಪೆರು ದೇಶದಲ್ಲಿ ತಯಾರಾದದ್ದು’ ಎಂದು ಬರೆದಿತ್ತು. ಹಿರಿಯರು ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: “ಇದು ಯಾವ ಪ್ರಾಣಿಯದಪ್ಪಾ? ಮರಿಯನ್ನು ಕೊಂದು ತೆಗೆದದ್ದಲ್ಲ ತಾನೆ? ನಾನು ಇದನ್ನು ತೊಡಬಹುದೆ?” ಅಲ್ಲಿ ಕುಳಿತಿದ್ದ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯು ನವಿಲು ತಾನಾಗಿಯೇ ಉದುರಿಸಿದ ಗರಿಗಳಿಂದ ಆದದ್ದು. ಶ್ವೇತಾಂಬರ ಸಾಧುಗಳ ರಜೋಹರಣವು ಉಣ್ಣೆಯ ನೂಲಿನದು. ಪ್ರಾಣಿಯಿಂದ ಬಂದುದೆಲ್ಲವೂ ತ್ಯಾಜ್ಯವೆಂದು ನಮ್ಮ ಪೂರ್ವಿಕರು ಹೇಳಲಿಲ್ಲ. ಅದು ಹೇಗೆ ಬಂದಿತೆಂದು ಕೇಳಿದರು. ಅಹಿಂಸಾಣುವ್ರತಕ್ಕೆ ಅವರು ಗುರುತಿಸಿದ ಅತಿಚಾರಗಳು ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಈ ಐದೂ ಮನುಷ್ಯನ ಕೈಕೆಳಗೆ ಬದುಕುವ ಜೀವಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಹೇಳಿದವು. ಇದೇ ಅಳತೆಗೋಲನ್ನು ಕೈಯಲ್ಲಿ ಹಿಡಿದು, ಆ ಸ್ವೆಟರಿನ ನೂಲು ನಡೆದು ಬಂದ ಸಾವಿರಾರು ವರ್ಷಗಳ ದಾರಿಯನ್ನು ನೋಡೋಣ.

ಎತ್ತರದ ಹುಲ್ಲುಗಾವಲು

ದಕ್ಷಿಣ ಅಮೆರಿಕ ಖಂಡದ ಪಶ್ಚಿಮದ ಅಂಚಿನಲ್ಲಿ ಆಂಡೀಸ್ ಪರ್ವತಶ್ರೇಣಿಯಿದೆ. ಪೆರು ಮತ್ತು ಬೊಲಿವಿಯ ದೇಶಗಳಲ್ಲಿ ಸುಮಾರು 4000 ಮೀಟರು ಎತ್ತರದಲ್ಲಿ ‘ಪುನ’ ಎಂದು ಕರೆಯುವ ಹುಲ್ಲುಗಾವಲುಗಳು ಹರಡಿಕೊಂಡಿವೆ. ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಬೇಸಾಯಕ್ಕೆ ಅವಕಾಶ ಬಲು ಕಡಿಮೆ. ಒಂಟೆಯ ಕುಲಕ್ಕೆ ಸೇರಿದ ನಾಲ್ಕು ಪ್ರಾಣಿಗಳು ಈ ಖಂಡದಲ್ಲಿವೆ. ಗ್ವನಾಕೋ ಮತ್ತು ವಿಕೂನ್ಯ ಕಾಡಿನವು. ಲಾಮಾ ಮತ್ತು ಅಲ್ಪಾಕ ಸಾಕಿದವು. ಲಾಮಾ ಹೊರೆ ಹೊರುವ ಪ್ರಾಣಿ, ಅಲ್ಪಾಕ ಉಣ್ಣೆ ಕೊಡುವ ಪ್ರಾಣಿ. ಅಲ್ಪಾಕವು ಲಾಮಾದ ಸಂಬಂಧಿಯೆಂದೇ ಬಹುಕಾಲ ತಿಳಿಯಲಾಗಿತ್ತು. 2001ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯು ಅದು ಅತ್ಯಂತ ನವಿರಾದ ರೋಮವುಳ್ಳ ವಿಕೂನ್ಯದ ಸಂತತಿಯೆಂದು ತೋರಿಸಿಕೊಟ್ಟಿತು.

ಪೆರುವಿನ ಹುನಿನ್ ಪ್ರದೇಶದಲ್ಲಿ ತೆಲರ್ಮಾಚಯ್ ಎಂಬ ಬಂಡೆಯಾಸರೆಯೊಂದಿದೆ. ಅಲ್ಲಿಯ ಉತ್ಖನನದಲ್ಲಿ ದೊರೆತ ಎಲುಬುಗಳನ್ನು ಜೇನ್ ವೀಲರ್ ಎಂಬ ವಿದುಷಿ ಪರೀಕ್ಷಿಸಿದರು. ಸುಮಾರು ಆರರಿಂದ ಏಳು ಸಾವಿರ ವರ್ಷಗಳ ಹಿಂದಿನ ಪದರಗಳಲ್ಲಿ ಆಗತಾನೆ ಹುಟ್ಟಿದ ಮರಿಗಳ ಎಲುಬುಗಳು ಒಮ್ಮೆಲೇ ಹೆಚ್ಚಾಗಿದ್ದುವು. ದೊಡ್ಡಿಯ ಕೊಳೆಯಲ್ಲಿ ಹರಡುವ ಹೊಟ್ಟೆಯ ರೋಗದಿಂದ ಎಳೆಮರಿಗಳು ಸಾಯುವುದು ಇಂದಿಗೂ ಅಲ್ಲಿ ಕಾಣುವ ಸಂಗತಿ. ಈ ಆಧಾರದಿಂದ, ಪ್ರಾಣಿಗಳನ್ನು ಆ ಕಾಲದಲ್ಲಿಯೇ ದೊಡ್ಡಿಯಲ್ಲಿ ಕೂಡಿಹಾಕಿದ್ದರೆಂದು ವಿದ್ವಾಂಸರು ನಿರ್ಣಯಿಸಿದರು. ಮನುಷ್ಯನು ಅಲ್ಪಾಕಕ್ಕೆ ಆಶ್ರಯ ಕೊಟ್ಟನೆಂಬುದಕ್ಕೆ ನಮಗಿರುವ ಹಳೆಯ ಸಾಕ್ಷ್ಯವೇ ಮರಿಗಳ ಮರಣ! ಕಟ್ಟಿಹಾಕುವುದನ್ನು ಅತಿಚಾರಗಳಲ್ಲಿ ಮೊದಲು ಎಣಿಸಿದವರ ಸೂಕ್ಷ್ಮದೃಷ್ಟಿಯನ್ನು ಇಲ್ಲಿ ನೆನೆಯಬೇಕಾಗುತ್ತದೆ.

ಆದರೂ ಆ ಜನರು ಪಶುಪಾಲನೆಯನ್ನು ಬಹುಬೇಗ ಒಂದು ವಿದ್ಯೆಯನ್ನಾಗಿ ಬೆಳೆಸಿದರು. ದಕ್ಷಿಣ ಪೆರುವಿನ ಎಲ್ ಯಾರಾಲ್ ಎಂಬಲ್ಲಿ ಸುಮಾರು ಸಾವಿರ ವರ್ಷಗಳ ಹಿಂದಿನ ಲಾಮಾ ಮತ್ತು ಅಲ್ಪಾಕಗಳ ಕಳೇಬರಗಳು ಮನೆಗಳ ನೆಲದಡಿಯಲ್ಲಿ ಸಿಕ್ಕಿದುವು. ಮರುಭೂಮಿಯ ಒಣಹವೆಯಿಂದ ಅವುಗಳ ಚರ್ಮ, ರೋಮ ಎಲ್ಲವೂ ಕೆಡದೆ ಉಳಿದಿದ್ದುವು. ಅವು ಬಲಿಕೊಟ್ಟ ಪ್ರಾಣಿಗಳು ಎಂಬುದನ್ನು ಮರೆಮಾಚಬಾರದು. ಅವುಗಳ ರೋಮವನ್ನು ಅಳೆದು ನೋಡಿದಾಗ ಇಂದಿನ ಸಾಮಾನ್ಯ ಅಲ್ಪಾಕದ ಉಣ್ಣೆಗಿಂತ ಅದು ಹೆಚ್ಚು ನವಿರಾಗಿಯೂ ಏಕರೂಪವಾಗಿಯೂ ಇತ್ತು. ಇಷ್ಟು ನುರಿತ ವಿದ್ಯೆ ಬಳಿಕ ಹೇಗೆ ಹಾಳಾಯಿತೆಂಬುದನ್ನು ಮುಂದೆ ನೋಡುವೆವು.

ಕತ್ತರಿಯಿಂದ ಕದಿರಿಗೆ

ಅಲ್ಪಾಕದ ಉಣ್ಣೆಯನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಮಳೆಗಾಲ ಆರಂಭವಾಗುವ ನವೆಂಬರ್ ಸುಮಾರಿನಲ್ಲಿ ಕತ್ತರಿಸುತ್ತಾರೆ. ಉಣ್ಣೆ ತೆಗೆಯಲು ಪ್ರಾಣಿಯನ್ನು ಕೊಲ್ಲಬೇಕಿಲ್ಲ. ರೋಮ ಮತ್ತೆ ಬೆಳೆಯುತ್ತದೆ. ಕುರಿಯ ಉಣ್ಣೆಯಲ್ಲಿರುವಷ್ಟು ಜಿಡ್ಡು ಇದರಲ್ಲಿಲ್ಲ. ಆದ್ದರಿಂದ ಹೆಚ್ಚು ತೊಳೆಯದೆಯೇ ನೂಲಬಹುದು. ಪ್ರಾಣಿಯ ಪಾದಗಳಿಗೆ ಗೊರಸಿನ ಬದಲು ಮೆತ್ತನೆಯ ಅಡಿಯಿರುವುದರಿಂದ ಹುಲ್ಲುನೆಲ ಅಷ್ಟಾಗಿ ತುಳಿತಕ್ಕೆ ಸಿಕ್ಕುವುದಿಲ್ಲ.

ನೂಲುವ ಸಾಧನ ನಮ್ಮ ತಕಲಿಯಂಥದೇ. ಕೆಚುವಾ ಭಾಷೆಯಲ್ಲಿ ಅದಕ್ಕೆ ‘ಪುಷ್ಕ’ ಎಂದು ಹೆಸರು. ಒಂದು ಕಡ್ಡಿ, ಅದರ ಬುಡದಲ್ಲಿ ಮರದ ಒಂದು ಬಿಲ್ಲೆ, ಇಷ್ಟೆ. ಹೆಂಗಸರು ಮಂದೆ ಕಾಯುತ್ತ, ಸಂತೆಗೆ ನಡೆಯುತ್ತ, ಮಾತನಾಡುತ್ತ ನೂಲುತ್ತಲೇ ಇರುತ್ತಾರೆ. ಒಂಟಿ ಎಳೆಯನ್ನು ಒಂದು ದಿಕ್ಕಿಗೆ ಹೊಸೆದು, ಬಳಿಕ ಎರಡೆಳೆಗಳನ್ನು ಕೂಡಿಸಿ ವಿರುದ್ಧ ದಿಕ್ಕಿಗೆ ಹುರಿಮಾಡುತ್ತಾರೆ. ಹೀಗೆ ಮಾಡಿದ ನೂಲು ಬಿಚ್ಚಿಕೊಳ್ಳುವುದಿಲ್ಲ, ಸವೆಯುವುದೂ ನಿಧಾನ. ವಾಡಿಕೆಗೆ ವಿರುದ್ಧವಾಗಿ ಎಡಕ್ಕೆ ಹೊಸೆದ ನೂಲಿಗೆ ‘ಲ್ಯೊಕೆ’ ಎನ್ನುತ್ತಾರೆ; ಅದು ಕೆಡುಕಿನಿಂದ ಕಾಯುತ್ತದೆಂಬುದು ಅಲ್ಲಿಯವರ ನಂಬಿಕೆ. ಹಸೆ, ಚೀಲ, ಹೊದಿಕೆ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ವಸ್ತ್ರ, ಎಲ್ಲವೂ ಈ ಕದಿರಿನಿಂದಲೇ ಹುಟ್ಟಿದುವು.

ಪೆರುವಿನ ಕರಾವಳಿಯ ಪರಾಕಾಸ್ ಎಂಬಲ್ಲಿ 1927ರಲ್ಲಿ ಹೂಲಿಯೋ ತೆಲ್ಯೋ ಎಂಬ ಪುರಾತತ್ತ್ವಜ್ಞರು ಒಂದು ದೊಡ್ಡ ಸಮಾಧಿಸ್ಥಳವನ್ನು ಪತ್ತೆಮಾಡಿದರು. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ 429 ಶವಗಂಟುಗಳು ದೊರೆತುವು. ಶವಗಳಿಗೆ ಸುತ್ತಿದ್ದ ಹೊದಿಕೆಗಳ ಮೇಲೆ ಉಣ್ಣೆಯ ನೂಲಿನ ಕಸೂತಿಯಿದೆ. ಬಣ್ಣ ಕಟ್ಟಿದ ಆ ನೂಲು ಇಂದಿಗೂ ಮಾಸಿಲ್ಲ.

ಇಂಕಾ ಅರಸರ ಮಿತಿ

ಹದಿನೈದನೆಯ ಶತಮಾನದಲ್ಲಿ ಇಂಕಾ ಅರಸರು ಆಂಡೀಸಿನುದ್ದಕ್ಕೂ ಸಾಮ್ರಾಜ್ಯ ಕಟ್ಟಿದರು. ಆ ರಾಜ್ಯದಲ್ಲಿ ನಾಣ್ಯವಿರಲಿಲ್ಲ. ಆ ಸ್ಥಾನದಲ್ಲಿ ವಸ್ತ್ರವಿತ್ತು. ಪ್ರಜೆಗಳು ಅರಸನ ಉಣ್ಣೆಯನ್ನು ನೂತು ನೇಯ್ದು ಕೊಡುವುದು ಒಂದು ಬಗೆಯ ತೆರಿಗೆ. ಸಾಧಾರಣ ಬಟ್ಟೆಗೆ ‘ಅವಾಸ್ಕ’ ಎಂದೂ, ನವಿರಾದ ರಾಜವಸ್ತ್ರಕ್ಕೆ ‘ಕುಂಬಿ’ ಎಂದೂ ಹೆಸರು. ಎಳೆವಯಸ್ಸಿನಲ್ಲಿಯೇ ಆಯ್ದು ತಂದ ‘ಅಕ್ಲ್ಯಾ’ ಕನ್ಯೆಯರು ಆವರಣದೊಳಗೆ ವಾಸಿಸಿ ಕುಂಬಿಯನ್ನು ನೇಯುತ್ತಿದ್ದರು. ಸೈನಿಕರಿಗೆ ವೇತನವಾಗಿ, ಸೋತ ನಾಯಕರಿಗೆ ಸಮಾಧಾನವಾಗಿ, ಸೂರ್ಯನಿಗೆ ಆಹುತಿಯಾಗಿ ಸಲ್ಲುತ್ತಿದ್ದುದು ಇದೇ ಬಟ್ಟೆ. ಇಂಕಾ ರಾಜ್ಯದಲ್ಲಿ ಬಟ್ಟೆಗಿದ್ದ ಸ್ಥಾನವನ್ನು ಜಾನ್ ಮುರಾ ಎಂಬ ವಿದ್ವಾಂಸರು 1962ರ ಪ್ರಬಂಧವೊಂದರಲ್ಲಿ ವಿವರವಾಗಿ ನಿರೂಪಿಸಿದ್ದಾರೆ.

ಕಾಡಿನ ವಿಕೂನ್ಯದ ವಿಷಯದಲ್ಲಿ ಇಂಕಾಗಳು ಪಾಲಿಸಿದ ಕ್ರಮ ನಮ್ಮ ವಿಶೇಷ ಗಮನಕ್ಕೆ ಅರ್ಹವಾದುದು. ತಾಯಿಯ ಕಡೆಯಿಂದ ಇಂಕಾ ವಂಶಜನಾದ ಗಾರ್ಸಿಲಾಸೋ ದೆ ಲಾ ವೇಗ ಎಂಬ ಚರಿತ್ರಕಾರನು 1609ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಸಾವಿರಾರು ಜನರು ಕೈಕೈ ಹಿಡಿದು ಬೆಟ್ಟಗಳನ್ನು ಸುತ್ತುವರಿದು, ವೃತ್ತವನ್ನು ಕಿರಿದುಗೊಳಿಸುತ್ತ ಮೃಗಗಳನ್ನು ನಡುವೆ ತರುತ್ತಿದ್ದರು. ಇದಕ್ಕೆ ‘ಚಾಕು’ ಎಂದು ಹೆಸರು. ಈ ಶಬ್ದಕ್ಕೂ ನಮ್ಮ ಅಡುಗೆಮನೆಯ ಚಾಕುವಿಗೂ ಸಂಬಂಧವಿಲ್ಲ. ವಿಕೂನ್ಯಗಳ ರೋಮವನ್ನು ಕತ್ತರಿಸಿ ಬಿಟ್ಟುಬಿಡುತ್ತಿದ್ದರು. ಗ್ವನಾಕೋಗಳ ಒರಟು ಉಣ್ಣೆ ಪ್ರಜೆಗಳಿಗೆ, ವಿಕೂನ್ಯದ ನವಿರು ಉಣ್ಣೆ ಅರಸನಿಗೆ. ಬಿಟ್ಟ ಗಂಡೆಷ್ಟು, ಹೆಣ್ಣೆಷ್ಟು ಎಂಬ ಲೆಕ್ಕವನ್ನು ಗಂಟುಹಗ್ಗಗಳಲ್ಲಿ ದಾಖಲಿಸುತ್ತಿದ್ದರು. ಒಂದು ಪ್ರದೇಶದಲ್ಲಿ ಒಮ್ಮೆ ಚಾಕು ನಡೆದರೆ ಮತ್ತೆ ನಾಲ್ಕು ವರ್ಷಗಳವರೆಗೆ ಅಲ್ಲಿಗೆ ಹೋಗುವಂತಿರಲಿಲ್ಲ.

ಇಂಕಾಗಳು ಅಹಿಂಸಾವ್ರತಿಗಳಾಗಿರಲಿಲ್ಲ. ಅದೇ ಚಾಕುವಿನಲ್ಲಿ ಕೆಲವು ಮೃಗಗಳನ್ನು ಮಾಂಸಕ್ಕಾಗಿ ಕೊಲ್ಲುತ್ತಿದ್ದರು, ಲಾಮಾಗಳನ್ನು ಬಲಿಕೊಡುತ್ತಿದ್ದರು. ಅವರಲ್ಲಿ ಕರುಣೆ ಇತ್ತೋ ಇಲ್ಲವೋ, ಮಿತಿಯಂತೂ ಇತ್ತು. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕವಿತ್ತು. ಕರುಣೆ ಹುಟ್ಟದ ಕಡೆಯಲ್ಲಿಯೂ ಮಿತಿಯೊಂದು ಎಷ್ಟು ಜೀವಗಳನ್ನು ಉಳಿಸಬಲ್ಲುದೆಂಬುದಕ್ಕೆ ಈ ಪದ್ಧತಿ ಒಂದು ನಿದರ್ಶನ.

ಮಿತಿ ಮುರಿದ ಕಾಲ

1532ರಲ್ಲಿ ಸ್ಪೇನಿನವರು ಕಾಹಾಮಾರ್ಕದಲ್ಲಿ ಅರಸ ಅತಾವಾಲ್ಪನನ್ನು ಸೆರೆಹಿಡಿದರು. ಅವರು ಹುಡುಕಿ ಬಂದದ್ದು ಚಿನ್ನವನ್ನು. ಉಗ್ರಾಣಗಳಲ್ಲಿ ಒಟ್ಟಿದ್ದ ಬಟ್ಟೆಯ ಬೆಲೆ ಅವರಿಗೆ ತಿಳಿಯಲಿಲ್ಲ. ಮುಂದಿನ ಒಂದು ಶತಮಾನದೊಳಗೆ ಅಲ್ಪಾಕ ಮತ್ತು ಲಾಮಾಗಳ ಬಹುಭಾಗ ನಾಶವಾಯಿತು. ಯುದ್ಧ, ರೋಗ, ಮಾಂಸಕ್ಕಾಗಿ ವಧೆ, ಹೊಸದಾಗಿ ತಂದ ಕುರಿ ದನಗಳಿಗೆ ಹುಲ್ಲುಗಾವಲನ್ನು ಬಿಟ್ಟುಕೊಟ್ಟದ್ದು, ಇವೆಲ್ಲವೂ ಕಾರಣಗಳು. ಉಳಿದ ಮಂದೆಗಳು ಬೇರಾರೂ ಬಯಸದ ಎತ್ತರದ ನೆಲಕ್ಕೆ ಸರಿದುವು. ತಳಿಗಳನ್ನು ಬೇರೆಬೇರೆಯಾಗಿ ಕಾಪಾಡುತ್ತಿದ್ದ ಮಂದೆಗಾರರು ಸತ್ತುಹೋದರು. ಲಾಮಾ ಅಲ್ಪಾಕಗಳು ಬೆರೆತುವು. ಎಲ್ ಯಾರಾಲಿನಲ್ಲಿ ಕಂಡ ಆ ನವಿರು ಉಣ್ಣೆ ಒರಟಾಯಿತು.

1545ರಲ್ಲಿ ಪೊಟೊಸಿಯ ಬೆಳ್ಳಿಗುಡ್ಡ ಪತ್ತೆಯಾದ ಮೇಲೆ ಲಾಮಾಗಳ ಸಾಲುಗಳು ಅದಿರು, ಬೆಳ್ಳಿಗಳನ್ನು ಹೊರತೊಡಗಿದುವು. ಲಾಮಾ ಸುಮಾರು ಇಪ್ಪತ್ತೈದು ಮೂವತ್ತು ಕಿಲೋ ಭಾರವನ್ನು ಹೊತ್ತು ನಡೆಯುತ್ತದೆ. ಅದಕ್ಕಿಂತ ಹೆಚ್ಚು ಹೇರಿದರೆ ನೆಲಕ್ಕೆ ಕುಳಿತುಬಿಡುತ್ತದೆ. ಮಾತುಬಾರದ ಪ್ರಾಣಿಯು ಅತಿಭಾರಾರೋಪಣವನ್ನು ತನ್ನದೇ ರೀತಿಯಲ್ಲಿ ಪ್ರತಿಭಟಿಸುವ ಬಗೆ ಅದು. ಆದರೆ ‘ಒಬ್ರಾಹೆ’ ಎಂಬ ಬಟ್ಟೆ ಕಾರ್ಖಾನೆಗಳಲ್ಲಿ ಬಲಾತ್ಕಾರದ ದುಡಿಮೆಗೆ ಸಿಕ್ಕಿದ ಮನುಷ್ಯರಿಗೆ ಹಾಗೆ ಕುಳಿತುಬಿಡುವ ಸ್ವಾತಂತ್ರ್ಯವೂ ಇರಲಿಲ್ಲ.

ಹೆಣಿಗೆಯ ಕಡ್ಡಿಗಳು ಆಂಡೀಸಿಗೆ ಬಂದದ್ದು ಈ ಕಾಲದಲ್ಲಿಯೇ. ಅದಕ್ಕೆ ಮುಂಚೆ ಅಲ್ಲಿಯವರು ಸೂಜಿಯಿಂದ ಕುಣಿಕೆ ಹೆಣೆಯುವುದನ್ನು ಬಲ್ಲವರಾಗಿದ್ದರು. ಎರಡು ಕಡ್ಡಿಗಳ ಹೆಣಿಗೆ ಸ್ಪೇನಿನವರಿಂದ ಬಂದಿತು. ಪರರ ವಿದ್ಯೆಯನ್ನು ಆ ಜನರು ಹೇಗೆ ತಮ್ಮದಾಗಿಸಿಕೊಂಡರೆಂಬುದನ್ನು ಟಿಟಿಕಾಕಾ ಸರೋವರದ ತಕೀಲೆ ದ್ವೀಪದಲ್ಲಿ ನೋಡಬಹುದು. ಅಲ್ಲಿ ಹೆಣಿಗೆ ಗಂಡಸರ ಕೆಲಸ. ನೂಲುವುದೂ ನೇಯುವುದೂ ಹೆಂಗಸರದು. ಹುಡುಗರು ಎಳೆವಯಸ್ಸಿನಲ್ಲಿಯೇ ಕಡ್ಡಿ ಹಿಡಿಯುತ್ತಾರೆ. ನೂಲನ್ನು ಕೊರಳ ಸುತ್ತ ಹಾಯಿಸಿ ಬಿಗಿ ಹಿಡಿದು, ಸೈಕಲ್ಲಿನ ಕಡ್ಡಿಯಷ್ಟು ತೆಳ್ಳಗಿನ ಸಲಾಕೆಗಳಲ್ಲಿ ‘ಚುಲ್ಯೋ’ ಎಂಬ ಕಿವಿಮುಚ್ಚುವ ಕುಲಾವಿಯನ್ನು ಹೆಣೆಯುತ್ತಾರೆ. ಪೂರ್ತಿ ಚಿತ್ತಾರದ ಕುಲಾವಿ ವಿವಾಹಿತನದು. ಮೇಲರ್ಧ ಬಿಳಿಯಾಗಿದ್ದರೆ ಅವಿವಾಹಿತನದು. 2005ರಲ್ಲಿ ಯುನೆಸ್ಕೋ ಸಂಸ್ಥೆ ಈ ದ್ವೀಪದ ವಸ್ತ್ರಕಲೆಯನ್ನು ಮಾನವಕುಲದ ಪರಂಪರೆಯ ಶ್ರೇಷ್ಠ ಕೃತಿಗಳಲ್ಲೊಂದೆಂದು ಘೋಷಿಸಿತು.

ಗಿರಣಿಯ ಉಸಿರು

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಪಾಕದ ಉಣ್ಣೆ ಇಂಗ್ಲೆಂಡಿನ ಗಿರಣಿಗಳನ್ನು ತಲುಪಿತು. 1836ರಲ್ಲಿ ಟೈಟಸ್ ಸಾಲ್ಟ್ ಎಂಬ ಬ್ರಾಡ್‌ಫರ್ಡಿನ ಉದ್ಯಮಿಯು ಲಿವರ್‌ಪೂಲಿನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅಲ್ಪಾಕದ ಮೂಟೆಗಳನ್ನು ಕಂಡು ಕೊಂಡುಕೊಂಡನು. ಹತ್ತಿಯ ಹಾಸಿಗೆ ಅಲ್ಪಾಕದ ಹೊಕ್ಕನ್ನು ಸೇರಿಸಿ ರೇಷ್ಮೆಯಂತೆ ಹೊಳೆಯುವ ಬಟ್ಟೆಯನ್ನು ನೇಯಿಸಿ ಅಪಾರ ಧನಿಕನಾದನು. 1853ರಲ್ಲಿ ತನ್ನ ದೊಡ್ಡ ಗಿರಣಿಯನ್ನು ತೆರೆದು, ಕಾರ್ಮಿಕರಿಗಾಗಿ ಸಾಲ್ಟೇರ್ ಎಂಬ ಊರನ್ನೇ ಕಟ್ಟಿಸಿದನು. ಮನೆ, ಶಾಲೆ, ಆಸ್ಪತ್ರೆಗಳಿದ್ದ ಆ ಊರು 2001ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಈ ಕೀರ್ತಿಯ ಬಗಲಿನಲ್ಲಿಯೇ ಒಂದು ದುಃಖದ ಅಧ್ಯಾಯವಿದೆ. ಅಲ್ಪಾಕ ಮತ್ತು ಮೊಹೇರ್ ಉಣ್ಣೆಗಳು ಬಂದ ಮೇಲೆ ಬ್ರಾಡ್‌ಫರ್ಡಿನಲ್ಲಿ ಉಣ್ಣೆ ವಿಂಗಡಿಸುವವರು ಇದ್ದಕ್ಕಿದ್ದಂತೆ ಉಸಿರುಕಟ್ಟಿ ಸಾಯತೊಡಗಿದರು. ಬೆಳಗ್ಗೆ ಕೆಲಸಕ್ಕೆ ಹೋದವನು ಎರಡು ಮೂರು ದಿನಗಳಲ್ಲಿ ಇಲ್ಲವಾಗುತ್ತಿದ್ದನು. ಅದಕ್ಕೆ ‘ಉಣ್ಣೆ ವಿಂಗಡಿಸುವವರ ರೋಗ’ವೆಂದೇ ಹೆಸರಾಯಿತು. ಜಾನ್ ಹೆನ್ರಿ ಬೆಲ್ ಎಂಬ ವೈದ್ಯರು 1879–80ರಲ್ಲಿ ಅದು ನಮ್ಮ ಕಡೆ ದನಕುರಿಗಳಿಗೆ ಬರುವ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಎಂದು ತೋರಿಸಿಕೊಟ್ಟರು. ರೋಗದಿಂದ ಸತ್ತ ಪ್ರಾಣಿಗಳ ರೋಮವೂ ಮೂಟೆಗಳಲ್ಲಿ ಬೆರೆತಿರುತ್ತಿತ್ತು. ಧೂಳಿನೊಡನೆ ಅದರ ಬೀಜಾಣುಗಳು ಶ್ವಾಸಕೋಶವನ್ನು ಸೇರುತ್ತಿದ್ದುವು. ಬಟ್ಟೆಯನ್ನು ತೊಟ್ಟವರಿಗೆ ಇದಾವುದೂ ತಿಳಿದಿರಲಿಲ್ಲ. ಪ್ರಾಣಿಗೆ ನೋವಾಯಿತೆ ಎಂದು ಕೇಳುವ ನಾವು, ದುಡಿದ ಮನುಷ್ಯನಿಗೆ ಏನಾಯಿತೆಂದೂ ಕೇಳಲೇಬೇಕು. ಅವನೂ ಪಂಚೇಂದ್ರಿಯ ಜೀವಿಯೇ.

ಕೆಂಪು ಬಣ್ಣದ ಮಾತು

ಉಣ್ಣೆಯಲ್ಲಿ ವಧೆಯನ್ನು ಹುಡುಕುವ ನಮ್ಮ ಕಣ್ಣಿಗೆ ಸುಲಭವಾಗಿ ಬೀಳದ ಇನ್ನೊಂದು ಸ್ಥಾನವಿದೆ. ಅದು ಬಣ್ಣ. ಆಂಡೀಸಿನ ಪ್ರಸಿದ್ಧವಾದ ಕೆಂಪು ಬಹುಮಟ್ಟಿಗೆ ಕೊಚಿನೀಲ್ ಎಂಬ ಕೀಟದ್ದು. ಪಾಪಾಸುಕಳ್ಳಿಯ ಮೇಲೆ ಬದುಕುವ ಈ ಪುಟ್ಟ ಹೆಣ್ಣುಕೀಟಗಳನ್ನು ಕೆರೆದು ತೆಗೆದು, ಬಿಸಿನೀರಿನಲ್ಲಿಯೋ ಬಿಸಿಲಿನಲ್ಲಿಯೋ ಕೊಂದು ಒಣಗಿಸುತ್ತಾರೆ. ಒಂದು ಕಿಲೋ ಒಣಸರಕಿಗೆ ಲಕ್ಷದ ಆಸುಪಾಸಿನಷ್ಟು ಕೀಟಗಳು ಬೇಕು. ಇಂದಿಗೂ ಇದರ ಉತ್ಪಾದನೆಯಲ್ಲಿ ಪೆರು ಮುಂದಿದೆ. ತಿನಿಸುಗಳ ಪೊಟ್ಟಣಗಳ ಮೇಲೆ ಕಾರ್ಮೈನ್ ಅಥವಾ 120 ಎಂಬ ಅಂಕಿಯಲ್ಲಿ ಕಾಣುವ ಬಣ್ಣ ಇದೇ. ಅಲ್ಪಾಕವನ್ನು ಕೊಲ್ಲದೆ ಪಡೆದ ಒಂದು ಶಾಲಿಗೆ ಕೆಂಪು ಕಟ್ಟುವಾಗ ಎಣಿಕೆಗೆ ಸಿಕ್ಕದಷ್ಟು ಜೀವಗಳು ಹೋಗಿರಬಹುದು. ನಮ್ಮ ಹಿರಿಯರು ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ಲಾಕ್ಷಾವಾಣಿಜ್ಯವನ್ನು, ಎಂದರೆ ಅರಗಿನ ವ್ಯಾಪಾರವನ್ನು, ಸೇರಿಸಿದ್ದು ಇಂಥ ಕಾರಣಕ್ಕಾಗಿಯೇ. ಅರಗೂ ಕೀಟದಿಂದಲೇ ಬರುವಂಥದು.

ಕೀಟವಿಲ್ಲದೆ ಕೆಂಪು ಬರುವುದಿಲ್ಲವೆಂದಲ್ಲ. ಪರಾಕಾಸಿನ ಹಳೆಯ ಬಟ್ಟೆಗಳ ಕೆಂಪು ರೆಲ್ಬೂನಿಯಮ್ ಎಂಬ ಗಿಡದ ಬೇರಿನದು. ನಮ್ಮ ಮಂಜಿಷ್ಠದ ಕುಲಕ್ಕೇ ಸೇರಿದ ಗಿಡವದು. ಬಣ್ಣ ಕಟ್ಟದ ಉಣ್ಣೆಯೂ ಉಂಟು. ಬಿಳಿ, ಕೆನೆ, ಕಂದು, ಬೂದು, ಕಪ್ಪು ಎಂದು ಅಲ್ಪಾಕದ ಸಹಜವರ್ಣಗಳನ್ನು ಪೆರುವಿನಲ್ಲಿ ಇಪ್ಪತ್ತೆರಡಾಗಿ ಎಣಿಸುತ್ತಾರೆ. ಬೇಕಾದ ಬಣ್ಣ ಕಟ್ಟಲು ಅನುಕೂಲವೆಂದು ಗಿರಣಿಗಳು ಬಿಳಿಯ ಉಣ್ಣೆಗೇ ಹೆಚ್ಚು ಬೆಲೆ ಕೊಟ್ಟುದರಿಂದ ಬಣ್ಣದ ಮಂದೆಗಳು ಕ್ಷೀಣಿಸಿದುವು.

ವಿಕೂನ್ಯ ಮರಳಿ ಬಂದದ್ದು

ಇಂಕಾಗಳ ಮಿತಿ ಮುರಿದ ಮೇಲೆ ವಿಕೂನ್ಯವನ್ನು ಬಂದೂಕಿನಿಂದ ಕೊಂದು ಚರ್ಮ ಸುಲಿಯುವುದು ವಾಡಿಕೆಯಾಯಿತು. 1960ರ ದಶಕದ ಹೊತ್ತಿಗೆ ಲಕ್ಷಾಂತರವಿದ್ದ ಆ ಮೃಗಗಳು ಕೆಲವೇ ಸಾವಿರಕ್ಕೆ ಇಳಿದಿದ್ದುವು. 1967ರಲ್ಲಿ ಪೆರು ಸರ್ಕಾರ ಪಂಪಾ ಗಲೇರಾಸ್ ರಕ್ಷಿತ ಪ್ರದೇಶವನ್ನು ಸ್ಥಾಪಿಸಿತು. 1975ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಅದರ ವ್ಯಾಪಾರ ನಿಂತಿತು. 1987ರಲ್ಲಿ ಕೆಲವು ಪ್ರದೇಶಗಳ ಮಟ್ಟಿಗೆ, ಜೀವಂತ ಪ್ರಾಣಿಯಿಂದ ಕತ್ತರಿಸಿದ ಉಣ್ಣೆಯ ಬಟ್ಟೆಯನ್ನು ಮಾತ್ರ ಮಾರಲು ಅನುಮತಿ ದೊರೆಯಿತು. ಹಳ್ಳಿಗರು ಮತ್ತೆ ಕೈಕೈ ಹಿಡಿದು ಚಾಕು ನಡೆಸತೊಡಗಿದರು. 2012ರ ಗಣತಿಯಲ್ಲಿ ಪೆರುವಿನ ವಿಕೂನ್ಯಗಳ ಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು. ಕಳ್ಳಬೇಟೆ ಪೂರ್ತಿ ನಿಂತಿಲ್ಲವೆಂಬುದೂ ನಿಜ.

ನಮ್ಮ ದೇಶದ ಶಹತೂಷ್ ಶಾಲಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಟಿಬೆಟ್ಟಿನ ಚಿರು ಎಂಬ ಮೃಗವನ್ನು ಕೊಂದೇ ಆ ರೋಮವನ್ನು ಪಡೆಯುತ್ತಿದ್ದರು. ಒಂದು ಶಾಲಿಗೆ ಮೂರರಿಂದ ಐದು ಮೃಗಗಳು. ಕಾನೂನು ಅದನ್ನು ನಿಷೇಧಿಸಿದ್ದು ನ್ಯಾಯವೇ. ಎರಡೂ ಬಹುಮೂಲ್ಯವಾದ, ಮೃದುವಾದ ವಸ್ತ್ರಗಳು. ಕಣ್ಣಿಗಾಗಲಿ ಕೈಗಾಗಲಿ ಎರಡಕ್ಕೂ ಇರುವ ನೈತಿಕ ಅಂತರ ತಿಳಿಯದು. ಪಡೆದ ದಾರಿಯನ್ನು ವಿಚಾರಿಸಿದವನಿಗೆ ಮಾತ್ರ ತಿಳಿಯುತ್ತದೆ.

ಹಿರಿಯರ ಪ್ರಶ್ನೆಗೆ ಉತ್ತರ

ಈಗ ಬಸದಿಯ ಜಗಲಿಗೆ ಹಿಂದಿರುಗೋಣ. ‘ಬೇಬಿ ಅಲ್ಪಾಕ’ ಎಂಬುದು ಮರಿಯ ಉಣ್ಣೆಯೆಂದಲ್ಲ. 23 ಮೈಕ್ರಾನಿಗಿಂತ ದಪ್ಪವಿಲ್ಲದ ನವಿರು ಎಳೆಗೆ ವ್ಯಾಪಾರದಲ್ಲಿ ಇಟ್ಟ ಹೆಸರು. ದೊಡ್ಡ ಪ್ರಾಣಿಯ ಮೈಮೇಲೂ ಅಂಥ ಎಳೆ ಇರುತ್ತದೆ. ನುರಿತ ಹೆಂಗಸರು ಬೆರಳಿನ ಸ್ಪರ್ಶದಿಂದಲೇ ಅದನ್ನು ವಿಂಗಡಿಸುತ್ತಾರೆ. ಆದುದರಿಂದ ಮರಿಯನ್ನು ಕೊಂದ ದೋಷ ಆ ಹೆಸರಿನಲ್ಲಿಲ್ಲ.

ಇಷ್ಟು ಹೇಳಿ ಸುಮ್ಮನಾದರೆ ಸತ್ಯವ್ರತಕ್ಕೆ ಕುಂದಾಗುತ್ತದೆ. 2012ರ ಕೃಷಿಗಣತಿಯಂತೆ ಪೆರುವಿನಲ್ಲಿ ಸುಮಾರು 36 ಲಕ್ಷ ಅಲ್ಪಾಕಗಳಿದ್ದುವು. ಅವುಗಳಲ್ಲಿ ಬಹುಪಾಲು ಬಡ ಮಂದೆಗಾರರವು. ಉಣ್ಣೆ ಒರಟಾದ ಮುದಿ ಪ್ರಾಣಿಯನ್ನು ಮಾಂಸಕ್ಕೆ ಮಾರುವುದು ಅಲ್ಲಿ ಸಾಮಾನ್ಯ. ಉಣ್ಣೆಗಾಗಿ ಕೊಲ್ಲುವುದಿಲ್ಲ ಎಂಬುದು ನಿಜ. ಉಣ್ಣೆ ಕೊಟ್ಟ ಪ್ರಾಣಿಯನ್ನು ಕೊಲ್ಲುವುದೇ ಇಲ್ಲ ಎಂಬುದು ನಿಜವಲ್ಲ. ಕತ್ತರಿಸುವವನು ಅವಸರ ಮಾಡಿದರೆ ಮೈಗೆ ಗಾಯವಾಗುತ್ತದೆ. ಕಾಲು ಬಿಗಿದು ಕೆಡಹುವುದೂ ಒಂದು ಬಂಧನವೇ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಮೂರು ಸಂಗತಿಗಳನ್ನು ವಿಚಾರಿಸಬಹುದು. ಮೊದಲನೆಯದು, ಬಣ್ಣ: ಸಹಜವರ್ಣದ್ದೋ, ಬೇರು ತೊಗಟೆಗಳದ್ದೋ, ಕೀಟದ್ದೋ? ಎರಡನೆಯದು, ಕೈ: ನೂತವರಿಗೆ, ಹೆಣೆದವರಿಗೆ ತಕ್ಕ ಪ್ರತಿಫಲ ಸಿಕ್ಕಿದೆಯೋ? 1996ರಲ್ಲಿ ನೀಲ್ಡಾ ಕಯ್ಯಾನ್ಯಾಉಪಾ ಎಂಬ ನೇಕಾರ್ತಿ ಮುಂದಾಗಿ ಸ್ಥಾಪಿಸಿದ ಕುಸ್ಕೋ ನಗರದ ಸಾಂಪ್ರದಾಯಿಕ ವಸ್ತ್ರಕೇಂದ್ರದಂಥ ಸಂಸ್ಥೆಗಳು ಹಳ್ಳಿಯ ನೇಕಾರ್ತಿಯರ ವಿದ್ಯೆಯನ್ನೂ ಜೀವನವನ್ನೂ ಉಳಿಸಲು ದುಡಿಯುತ್ತಿವೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ನನಗೆ ಇದು ಬೇಕೇ, ಎಷ್ಟು ಬೇಕು? ಈ ಪ್ರಶ್ನೆಯನ್ನು ನಾವು ಪರಿಗ್ರಹ ಪರಿಮಾಣವೆಂಬ ಅಣುವ್ರತದ ಹೆಸರಿನಲ್ಲಿ ಬಲ್ಲೆವು. ಮಂದೆಗೆ ಕಾವಲಾಗಿರುವುದು ಕೊಳ್ಳುವವನ ಮಿತಿಯೇ ಎಂಬುದನ್ನು ಮೇಲಿನ ಚರಿತ್ರೆ ಮತ್ತೆ ಮತ್ತೆ ತೋರಿಸಿದೆ.

ಇದೆಲ್ಲವನ್ನೂ ಹಿರಿಯರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಮಗಳ ಮನಸ್ಸು ನೋಯಿಸಲಾರೆ, ಬಂದದ್ದನ್ನು ಬಿಸಾಡಿದರೆ ಅದನ್ನು ಕೊಟ್ಟ ಪ್ರಾಣಿಗೂ ಅಗೌರವ. ಇದೊಂದು ಸಾಕು, ಇನ್ನೊಂದು ಬೇಡವೆಂದು ಬರೆಯುತ್ತೇನೆ” ಎಂದರು. ಈಗ ಮಾಗಿಯ ಬೆಳಗಿನಲ್ಲಿ ಅವರು ಆ ಕಂದು ಸ್ವೆಟರನ್ನು ತೊಟ್ಟು ಜಗಲಿಯವರೆಗೆ ಬರುತ್ತಾರೆ. ಅಲ್ಲಿ ಅದನ್ನು ಕಳಚಿ, ಮಡಿಸಿಟ್ಟು, ಎಂದಿನಂತೆ ತೊಳೆದ ಹತ್ತಿಯ ಧೋತ್ರದಲ್ಲಿಯೇ ಅಭಿಷೇಕಕ್ಕೆ ನಿಲ್ಲುತ್ತಾರೆ.